ಒಂದು ದಿನದ ನಡಿಗೆಗೆ ಒಂದು ಒಲೆ

ಜೋಕಾದಲ್ಲಿ ಹತ್ತಲು ಸಿಗುವ ಎತ್ತರವೆಂದರೆ ಮೆಟ್ರೋ ನಿಲ್ದಾಣದ ಮೆಟ್ಟಿಲು, ಅಷ್ಟೇ. ಅದು ಬಿಟ್ಟರೆ ಡೈಮಂಡ್ ಹಾರ್ಬರ್ ರಸ್ತೆಯ ಆಚೆಗೂ ಈಚೆಗೂ ಎಲ್ಲ ಚಪ್ಪಟೆ. ಕೊಳ, ಮನೆ, ಹೊಸ ಅಪಾರ್ಟ್‌ಮೆಂಟು, ಮತ್ತೆ ಕೊಳ. ಸಮುದ್ರ ಮಟ್ಟಕ್ಕಿಂತ ಹೆಚ್ಚೆಂದರೆ ಹತ್ತು ಮೀಟರ್ ಮೇಲಿದ್ದೇವೆ. ತರೀಕೆರೆಯಲ್ಲಿ ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಬಾಬಾಬುಡನ್ ಗಿರಿಯ ಸಾಲು ಕಾಣುತ್ತಿದ್ದ ನನಗೆ ಇಲ್ಲಿ ಮೊದಮೊದಲು ದಿಕ್ಕೇ ತಿಳಿಯುತ್ತಿರಲಿಲ್ಲ. ಬೆಟ್ಟವಿಲ್ಲದ ಊರಲ್ಲಿ ಪಶ್ಚಿಮ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಇಲ್ಲಿನ ಬಂಗಾಳಿಗಳಿಗೂ ಅದೇ ಹಸಿವಿರಬೇಕು. ಪೂಜೆ ರಜೆ ಬಂತೆಂದರೆ ಅರ್ಧ ಊರು ದಾರ್ಜಿಲಿಂಗ್ ದಾರಿ ಹಿಡಿಯುತ್ತದೆ. ಅವರನ್ನು ನೋಡಿ ನೋಡಿ ನಮ್ಮ ಕನ್ನಡದ ಮಂದಿಯೂ ಕೇಳುತ್ತಾರೆ: "ಟೆಂಟು ಹೊರದೆ, ಅಡುಗೆ ಸಾಮಾನು ಹೊರದೆ, ಹೆಗಲ ಮೇಲೆ ಒಂದು ಚೀಲ ಇಟ್ಟುಕೊಂಡು ನಾಲ್ಕು ದಿನ ಹಿಮಾಲಯದಲ್ಲಿ ನಡೆಯಬಹುದಾ? ನಮ್ಮಂಥವರಿಗೆ ಆಗುತ್ತಾ?"

ಆಗುತ್ತದೆ. ಅದಕ್ಕೆ ಸಂದಕ್‌ಫು ಇದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ದಾರಿಯಲ್ಲಿ ಊಟ, ಹಾಸಿಗೆ ಕೊಡುವ ಮನೆಗಳು ಬರೀ ಅನುಕೂಲಕ್ಕೆ ಇರುವುದಲ್ಲ. ಅವು ಇರುವ ಜಾಗಗಳೇ ನಮ್ಮ ಜೀವಕ್ಕೆ ಕಾವಲು. ಇದು ನನಗೆ ಅರ್ಥವಾದದ್ದು ಹೋದ ನವೆಂಬರಿನಲ್ಲಿ.

ದಾರಿಯ ಲೆಕ್ಕ ಹೀಗಿದೆ. ಭಾರತ ಮತ್ತು ನೇಪಾಳದ ನಡುವೆ ಸಿಂಗಾಲೀಲಾ ಎಂಬ ಬೆಟ್ಟದ ಏಣು ಇದೆ. ಅದರ ಬುಡದಲ್ಲಿ ಮಾನೆಭಂಜ್ಯಾಂಗ್ ಎಂಬ ಸಣ್ಣ ಪೇಟೆ, ಎತ್ತರ ಸುಮಾರು 2,000 ಮೀಟರ್. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿ ಎಲ್ಲಿ ಮುಗಿಯುತ್ತದೋ ಹೆಚ್ಚುಕಡಿಮೆ ಅಲ್ಲಿಂದ ಇಲ್ಲಿ ನಡಿಗೆ ಶುರು. ಮೊದಲ ದಿನ ಚಿತ್ರೇ, ಮೇಘ್ಮಾ ದಾಟಿ ಸುಮಾರು 11 ಕಿಲೋಮೀಟರ್ ನಡೆದರೆ ತುಮ್ಲಿಂಗ್, 2,970 ಮೀಟರ್. ಎರಡನೇ ದಿನ ಗೈರಿಬಾಸ್‌ಗೆ ಇಳಿದು ಮತ್ತೆ ಹತ್ತಿ ಸುಮಾರು 13 ಕಿಲೋಮೀಟರ್ ನಡೆದರೆ ಕಾಲಿಪೋಖ್ರಿ, 3,100 ಮೀಟರಿಗೂ ಸ್ವಲ್ಪ ಮೇಲೆ. ಮೂರನೇ ದಿನ ಆರೇ ಕಿಲೋಮೀಟರ್, ಆದರೆ ನೇರ ಏರು: ಸಂದಕ್‌ಫು, 3,636 ಮೀಟರ್. ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗ ಇದೇ. ಅಲ್ಲಿಂದ ಮುಂದೆ ಏಣಿನ ಮೇಲೇ 21 ಕಿಲೋಮೀಟರ್ ಹೋದರೆ ಫಾಲುಟ್. ಫಾಲುಟ್ ಬೇಡವೆಂದರೆ ಸಂದಕ್‌ಫುವಿನಿಂದ ಗುರ್ದುಮ್ ಮೇಲೆ ಇಳಿದು ಶ್ರೀಖೋಲಾ ಸೇರಬಹುದು.

ಇಷ್ಟು ದೂರಕ್ಕೂ ಪ್ರತಿ ರಾತ್ರಿಗೆ ಒಂದು ಸೂರು ಇದೆ. ಕೆಲವು ಸರ್ಕಾರಿ ಟ್ರೆಕ್ಕರ್ಸ್ ಹಟ್‌ಗಳು, ಹೆಚ್ಚಿನವು ಗುರುಂಗ್, ಶೆರ್ಪಾ ಮನೆತನಗಳು ನಡೆಸುವ ಲಾಡ್ಜ್‌ಗಳು. ಲಾಡ್ಜ್ ಎಂದರೆ ನಮ್ಮ ಮೆಜೆಸ್ಟಿಕ್ ಲಾಡ್ಜ್ ನೆನೆಸಿಕೊಳ್ಳಬೇಡಿ. ಹಲಗೆಯ ಗೋಡೆ, ತಗಡಿನ ಸೂರು, ಒಂದು ಕೋಣೆಯಲ್ಲಿ ನಾಲ್ಕೈದು ಮಂಚ, ಮಂಚಕ್ಕೆ ಎರಡು ದಪ್ಪ ರಜಾಯಿ, ಒಂದು ಅಡುಗೆಮನೆ. ಊಟದ ಹೊತ್ತಿಗೆ ಎಲ್ಲರೂ ಅಡುಗೆಮನೆಗೇ ಬಂದು ಕೂರುತ್ತಾರೆ, ಏಕೆಂದರೆ ಇಡೀ ಮನೆಯಲ್ಲಿ ಬೆಚ್ಚಗಿರುವುದು ಅದೊಂದೇ. ಕೆಲವು ಮನೆಗಳು ಗಡಿಯ ಆಚೆ, ನೇಪಾಳದಲ್ಲಿವೆ. ತುಮ್ಲಿಂಗ್‌ನಲ್ಲಿ ಮಲಗಿದರೆ ನೀವು ಪರದೇಶದಲ್ಲಿ ಮಲಗಿದ ಹಾಗೆ. 1950ರ ಭಾರತ–ನೇಪಾಳ ಒಪ್ಪಂದದ ದೆಸೆಯಿಂದ ನಮಗೆ ವೀಸಾ ಬೇಡ. ಗುರುತಿನ ಚೀಟಿ ಇದ್ದರೆ ಸಾಕು. ನಮ್ಮ ರೂಪಾಯಿಯೂ ನಡೆಯುತ್ತದೆ.

ಈ ದಾರಿ ಹಳೆಯದು. ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ 1848ರ ಮೇ ತಿಂಗಳಲ್ಲಿ ತುಮ್ಲಿಂಗ್ ಪಕ್ಕದ ತೊಂಗ್ಲು ಗುಡ್ಡ ಹತ್ತಿದ್ದ. ಆಮೇಲೆ ಬ್ರಿಟಿಷರು ತೊಂಗ್ಲು, ಸಂದಕ್‌ಫು, ಫಾಲುಟ್‌ಗಳಲ್ಲಿ ಡಾಕ್ ಬಂಗಲೆ ಕಟ್ಟಿದರು. ಒಂದು ಬಂಗಲೆಯಿಂದ ಇನ್ನೊಂದಕ್ಕೆ ಎಷ್ಟು ದೂರ? ಒಬ್ಬ ಮನುಷ್ಯ ಅಥವಾ ಒಂದು ಕುದುರೆ ಏರುದಾರಿಯಲ್ಲಿ ಸುಸ್ತಾಗದೆ ಒಂದು ದಿನದಲ್ಲಿ ಎಷ್ಟು ಹೋಗಬಹುದೋ ಅಷ್ಟು. ಲಾಡ್ಜ್‌ಗಳು ಬಂದಾಗಲೂ ಅದೇ ಲೆಕ್ಕ ಉಳಿಯಿತು. ಅಳತೆ ಹಾಕಿದ್ದು ಟೇಪಿನಿಂದಲ್ಲ, ಕಾಲಿನಿಂದ.

ಇದು ನಮಗೆ ಹೊಸ ಸಂಗತಿಯಲ್ಲ. ನಮ್ಮ ಹಳೆಯ ದಾರಿಗಳ ಅರವಟ್ಟಿಗೆ, ಛತ್ರ ಎಲ್ಲ ಇದೇ ಲೆಕ್ಕದ್ದು. ಈಗಲೂ ಯುಗಾದಿ ಹೊತ್ತಿಗೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಸಾವಿರಾರು ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಕೊನೆಯ ಹಂತದಲ್ಲಿ ನಲ್ಲಮಲ ಬೆಟ್ಟದ ಕಾಡು: ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರ. ದಾರಿಯುದ್ದಕ್ಕೂ ದಾಸೋಹ. ರೊಟ್ಟಿ, ಪಲ್ಯ, ಮಜ್ಜಿಗೆ, ಮಲಗಲು ಚಾಪೆ. ಯಾರೋ ಪುಣ್ಯಾತ್ಮರು ಲಾರಿಯಲ್ಲಿ ಸಾಮಾನು ತಂದು ಕಾಡಿನ ಅಂಚಿನಲ್ಲಿ ಒಲೆ ಹೂಡಿರುತ್ತಾರೆ. ದಕ್ಷಿಣಕ್ಕೆ ಬಂದರೆ ಕುಮಾರಪರ್ವತದ ಭಟ್ಟರ ಮನೆ. ಕುಕ್ಕೆಯಿಂದ ಕಾಡಿನ ಏರು ಹತ್ತಿ ಗಿರಿಗದ್ದೆ ತಲುಪಿದಾಗ ಸಿಗುವ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ಕರ್ನಾಟಕದ ಎಷ್ಟು ಪೀಳಿಗೆಯ ಚಾರಣಿಗರನ್ನು ಸಾಕಿದೆಯೋ! ಯೂತ್ ಹಾಸ್ಟೆಲ್ಸ್‌ನವರ ಜೊತೆ ಕಸೋಲ್‌ನಿಂದ ಸಾರ್ ಪಾಸ್‌ಗೆ ಹೋದವರೂ ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಸ್ವಂತ ತಟ್ಟೆ, ಲೋಟ ಒಯ್ದು, ಒಂದು ಕ್ಯಾಂಪಿನಲ್ಲಿ ಉಂಡು ತೊಳೆದು ಮುಂದಿನ ಕ್ಯಾಂಪಿಗೆ ನಡೆಯುವುದು, ರಾತ್ರಿ ಬಿಸಿ ಬೋರ್ನ್‌ವಿಟಾ ಕುಡಿದು ಮಲಗುವುದು ನಿಮಗೆ ನೆನಪಿರುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಪೈನ್ ಕ್ಲಬ್ 1863ರಲ್ಲಿ ಹುಟ್ಟಿದ ವರ್ಷವೇ ಮೊದಲ ಗುಡಿಸಲು ಕಟ್ಟಿತು. ಈಗ ಅವರ ಗುಡಿಸಲುಗಳು ಸುಮಾರು 150. ಎಲ್ಲ ಕಡೆಯೂ ಕಥೆ ಒಂದೇ. ಬೆಟ್ಟವನ್ನು ಬಲಶಾಲಿಗಳ ಕೈಯಿಂದ ಬಿಡಿಸಿ ಸಾಮಾನ್ಯರಿಗೆ ಕೊಟ್ಟದ್ದು ಒಂದು ಒಲೆ, ಒಂದು ಹಾಸಿಗೆ.

ನಮ್ಮ ಗುಂಪಿನಲ್ಲಿ ಆರು ಜನ. ನಾನು, ನಮ್ಮ ಮನೆಯವರು, ಇಲ್ಲೇ ಓದುತ್ತಿರುವ ಇಬ್ಬರು ಹುಡುಗರು, ಮತ್ತೆ ಬೆಹಾಲಾದಲ್ಲಿರುವ ಬಾಗಲಕೋಟೆಯ ಅಣ್ಣ, ವೈನಿ. ಅಣ್ಣನಿಗೆ 61, ವೈನಿಗೆ 57. ಅಣ್ಣ ಹರೆಯದಲ್ಲಿ ಮೂರು ಸಲ ಶ್ರೀಶೈಲಕ್ಕೆ ನಡೆದವರು. ವೈನಿಗೆ ಆ ಭಾಗ್ಯ ಸಿಕ್ಕಿರಲಿಲ್ಲ. ಮೂವತ್ತು ವರ್ಷ ಮನೆ, ಮಕ್ಕಳು, ಅತ್ತೆಯ ಆರೈಕೆ. "ನಾ ಒಮ್ಮೆರ ನಡೀಬೇಕು" ಅನ್ನುವುದು ಅವರ ಹಟ. ಅವರ ಮಗ ಬೆಂಗಳೂರಿನಿಂದ ಫೋನಿನಲ್ಲಿ, "ಅಮ್ಮಾ, ಮಾನೆಭಂಜ್ಯಾಂಗ್‌ನಿಂದ ಜೀಪ್ ಸಿಗುತ್ತೆ, ಮೂರ್ನಾಲ್ಕು ಗಂಟೆಯಲ್ಲಿ ಮೇಲಿರ್ತೀರಿ, ಈ ವಯಸ್ಸಲ್ಲಿ ಯಾಕೆ ರಿಸ್ಕು?" ಅಂತ. ಅದು ನಿಜವೂ ಹೌದು. ಆ ಪೇಟೆಯಲ್ಲಿ 1950ರ ದಶಕದ ಲ್ಯಾಂಡ್ ರೋವರ್‌ಗಳು ಇನ್ನೂ ಓಡುತ್ತವೆ, ಈಗ ಬೊಲೆರೊಗಳೂ ಬಂದಿವೆ. ಏರುದಾರಿಗೆ ಕಾಂಕ್ರೀಟ್ ಬಿದ್ದಿದೆ.

ಅಣ್ಣ ಕೇಳಿದ್ದು ಒಂದೇ ಮಾತು: "ಜೀಪಿನ್ಯಾಗ ಹೋದ್ರ ಅಲ್ಲಿಗೆ ಹೋದಂಗ ಆಗ್ತದ, ನಡೆದಂಗ ಆಗ್ತದೇನು?"

ನಾನು ಒಬ್ಬ ವೈದ್ಯರನ್ನು ವಿಚಾರಿಸಿದೆ. ಅವರು ಹೇಳಿದ್ದು ನನ್ನ ಊಹೆಗೆ ತಿರುಗುಮುರುಗು. ನಿಮ್ಮ ವಯಸ್ಸಿನವರಿಗೆ ಮಂಡಿ, ಹೃದಯ, ಬಿಪಿ ಸರಿಯಿದ್ದರೆ ನಡೆದು ಹೋಗುವುದೇ ಕ್ಷೇಮ ಅಂದರು. ಕಾರಣ ಸರಳ. 3,636 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಜೋಕಾದಲ್ಲಿ ಇರುವುದರ ಸುಮಾರು ಮೂರನೇ ಎರಡು ಭಾಗ. ಪ್ರತಿ ಉಸಿರಿಗೂ ಅಷ್ಟೇ ಕಡಿಮೆ ಆಮ್ಲಜನಕ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ನಿಧಾನದಲ್ಲಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎನ್ನುವುದು ವೈದ್ಯರ ರೂಢಿಯ ಸಲಹೆ. ಈಗ ಲಾಡ್ಜ್‌ಗಳ ಎತ್ತರ ನೋಡಿ. ತುಮ್ಲಿಂಗ್‌ನಿಂದ ಕಾಲಿಪೋಖ್ರಿಗೆ ಇನ್ನೂರು ಮೀಟರಿನಷ್ಟು. ಕಾಲಿಪೋಖ್ರಿಯಿಂದ ಸಂದಕ್‌ಫುಗೆ ಐನೂರರ ಒಳಗೆ. ವೈದ್ಯರು ಕೂತು ಹಂಚಿದ ಹಾಗಿದೆ! ಕಾಲಿಗೆ ದಣಿವಾಗುವ ಜಾಗ, ರಕ್ತಕ್ಕೆ ಬಿಡುವು ಬೇಕಾದ ಜಾಗ ಎರಡೂ ಇಲ್ಲಿ ಒಂದೇ. ಜೀಪಿನಲ್ಲಿ ಹೋದರೆ ಬೆಳಿಗ್ಗೆ 2,000, ಮಧ್ಯಾಹ್ನ 3,600. ಇತ್ತೀಚಿನ ವರ್ಷಗಳಲ್ಲಿ ಈ ಬೆಟ್ಟಕ್ಕೆ ಹೋದ ಕೆಲವು ಪ್ರವಾಸಿಗರು ಉಸಿರಾಟದ ತೊಂದರೆಯಿಂದ ತೀರಿಕೊಂಡ ಸುದ್ದಿ ಕೋಲ್ಕತ್ತಾದ ಪತ್ರಿಕೆಗಳಲ್ಲಿ ಓದಿದ್ದೆವು. ವಯಸ್ಸಾದವರಷ್ಟೇ ಅಲ್ಲ, ಎಳೆಯರೂ ಇದ್ದರು.

ರಾಜ್ಯೋತ್ಸವದ ಬಾವುಟ ಹಾರಿಸಿ, ಅದೇ ವಾರ ಹೊರಟೆವು. ಜೋಕಾದಿಂದ ಮಾಜೇರ್‌ಹಾಟ್‌ವರೆಗೆ ಮೆಟ್ರೋ, ಅಲ್ಲಿಂದ ಲೋಕಲ್ ಹಿಡಿದು ಸಿಯಾಲ್ದಾ, ರಾತ್ರಿ ದಾರ್ಜಿಲಿಂಗ್ ಮೇಲ್. ಬೆಳಿಗ್ಗೆ ನ್ಯೂ ಜಲ್ಪೈಗುರಿ. ಅಲ್ಲಿಂದ ಗಾಡಿ ಮಾಡಿಕೊಂಡು ಮಿರಿಕ್, ಸುಖಿಯಾಪೋಖ್ರಿ ಮೇಲೆ ಮಾನೆಭಂಜ್ಯಾಂಗ್. ಆ ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಗೈಡ್ ಗೊತ್ತುಮಾಡಿಕೊಂಡೆವು. ಸಿಂಗಾಲೀಲಾ 1992ರಿಂದ ರಾಷ್ಟ್ರೀಯ ಉದ್ಯಾನ. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ.

ತುಮ್ಲಿಂಗ್ ದಾರಿ ಮಂಜಿನಲ್ಲೇ ಕಳೆಯಿತು. ಹತ್ತು ಹೆಜ್ಜೆ ಮುಂದಿದ್ದವರು ಕಾಣುತ್ತಿರಲಿಲ್ಲ. ಎರಡು ಗಂಟೆಗೊಮ್ಮೆ ಯಾವುದೋ ಮನೆ ಮಂಜಿನಿಂದ ಹೊರಬರುತ್ತಿತ್ತು. ಬಾಗಿಲಲ್ಲಿ ಟೀ, ವಾಯ್ ವಾಯ್ ನೂಡಲ್ಸು, ಬೇಯಿಸಿದ ಮೊಟ್ಟೆ. ಚಳಿಯಲ್ಲಿ ಗ್ಲಾಸು ಹಿಡಿದ ಕೈಗೆ ಬರುವ ಬಿಸಿಯೇ ಅರ್ಧ ಊಟ. ಎರಡನೇ ದಿನ ಬಿಸಿಲು ಬಂತು. ಗೈರಿಬಾಸ್‌ನಲ್ಲಿ ಎಸ್‌ಎಸ್‌ಬಿ ಜವಾನರು ಗುರುತಿನ ಚೀಟಿ ನೋಡುವಾಗ ಒಬ್ಬ ಅಣ್ಣನ ಕಾರ್ಡು ಓದಿ, "ಬಾಗಲಕೋಟೆ? ನಮ್ಮ ಕ್ಯಾಂಪಿನಲ್ಲಿ ಒಬ್ಬ ಬೆಳಗಾವಿಯವ ಇದ್ದ" ಅಂದ. ಅಣ್ಣನಿಗೆ ಅಲ್ಲಿಂದ ಕಾಲಿಪೋಖ್ರಿವರೆಗೆ ಅಷ್ಟೇ ಸಾಕಾಯಿತು ಮಾತಾಡಲು.

ಕಾಲಿಪೋಖ್ರಿ ಎಂದರೆ ಕಪ್ಪು ಕೊಳ. ಬೌದ್ಧರಿಗೆ ಪವಿತ್ರ, ಸುತ್ತ ಬಣ್ಣದ ಪ್ರಾರ್ಥನೆಯ ಬಾವುಟ. ಅಲ್ಲಿ ನಾವು ಇಳಿದ ಮನೆ ನಡೆಸುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬ ದೀದಿ. ಅವರ ಒಲೆಯ ಪಕ್ಕದಲ್ಲಿ ಒಂದು ಡಬ್ಬಿ ತುಂಬ ರಾಗಿ! ನಾನು ಕೈ ಹಾಕಿ ನೋಡಿದೆ. ಸಂಶಯವೇ ಇಲ್ಲ, ನಮ್ಮ ರಾಗಿಯೇ. ಅವರು ಅದನ್ನು ಕೋದೋ ಅನ್ನುತ್ತಾರೆ. ಹುದುಗು ಹಾಕಿ, ಬಿದಿರು ಅಥವಾ ಮರದ ಕೊಡದಲ್ಲಿ ತುಂಬಿ, ಬಿಸಿನೀರು ಸುರಿದು, ಬಿದಿರ ಕೊಳವೆಯಲ್ಲಿ ಹೀರುವ ತೊಂಗ್ಬಾಕ್ಕೆ ಅದೇ ಧಾನ್ಯ. ಹಿಟ್ಟು ಮಾಡಿ ಬಿಸಿನೀರಿಗೆ ಹಾಕಿ ಕೋಲಿನಿಂದ ತಿರುವಿದರೆ ಢಿಂಡೋ. ಅಂದರೆ ಮುದ್ದೆ. ನಾನು ಕೇಳಿದ್ದಕ್ಕೆ ಅವರು ನಕ್ಕು, "ಟೂರಿಸ್ಟುಗಳು ಕೇಳೋದಿಲ್ಲ, ನಾವು ತಿನ್ನೋದು ಅದು" ಅಂತ ಮಾಡಿಕೊಟ್ಟರು. ಹುಳಿ ಬಂದ ಒಣ ಸೊಪ್ಪಿನ ಗುಂದ್ರುಕ್ ಸಾರು, ಡಲ್ಲೆ ಮೆಣಸಿನಕಾಯಿ ಉಪ್ಪಿನಕಾಯಿ. ನಾನು ಮುರಿದು, ಸಾರಿನಲ್ಲಿ ಅದ್ದಿ, ನುಂಗಿದೆ. ಅಗಿಯದೆ ನುಂಗಿದ್ದು ನೋಡಿ ದೀದಿ, "ಇವಳಿಗೆ ತಿನ್ನಕ್ಕೆ ಬರುತ್ತೆ!" ಅಂತ ಒಳಗಿದ್ದ ಮಗಳನ್ನು ಕೂಗಿ ಕರೆದರು. ರೊಟ್ಟಿ ಸೀಮೆಯ ಅಣ್ಣ ಮಾತ್ರ ಅನ್ನ, ದಾಲ್ ಕಡೆಗೆ ತಿರುಗಿದರು.

ವೈನಿ ಊಟವನ್ನೇ ಮಾಡಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಕೇಳಿದರೆ, "ಏನಿಲ್ಲವಾ, ದಣಿವು." ಇನ್ನೊಮ್ಮೆ ಕೇಳಿದಾಗ ಹಣೆ ಒತ್ತಿಕೊಂಡು, ಮಧ್ಯಾಹ್ನದಿಂದ ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳಸುತ್ತಿದೆ ಅಂದರು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ತನ್ನಿಂದ ಎಲ್ಲರೂ ನಿಲ್ಲಬೇಕಾಗುತ್ತದೆ ಎಂದು. ಮೂವತ್ತು ವರ್ಷ ಸಂಸಾರ ಮಾಡಿದ ಹೆಣ್ಣುಮಗಳ ಅಭ್ಯಾಸ ಅದು, ಬೆಟ್ಟ ಹತ್ತಿದರೂ ಇಳಿಯುವುದಿಲ್ಲ.

ದೀದಿ ಬಂದು ಎದುರು ಕೂತರು. ಕಣ್ಣು ನೋಡಿದರು. ಎದ್ದು ಗೋಡೆಯಿಂದ ಬಾಗಿಲವರೆಗೆ ನೇರ ನಡೆದು ತೋರಿಸಿ ಅಂದರು. ಕೂತಾಗ ಏದುಸಿರು ಬರುತ್ತಾ, ಕೆಮ್ಮು ಇದೆಯಾ ಅಂತ ಕೇಳಿದರು. ವೈನಿ ನೇರ ನಡೆದರು. ಕೂತಾಗ ಉಸಿರು ಸರಿಯಿತ್ತು. ದೀದಿ ನಮ್ಮ ಗೈಡ್ ಹುಡುಗನಿಗೆ ನೇಪಾಳಿಯಲ್ಲಿ ಏನೋ ಹೇಳಿ, ಆಮೇಲೆ ನಮಗೆ ಹಿಂದಿಯಲ್ಲಿ ಹೇಳಿದರು. ಅದರ ಸಾರ ಇಷ್ಟು: ಇವತ್ತು ಬೆಳ್ಳುಳ್ಳಿ ಸೂಪು, ನೀರು, ನಿದ್ದೆ. ನಾಳೆ ಇಲ್ಲೇ. ಸಂಜೆಯೊಳಗೆ ತಲೆನೋವು ಪೂರ್ತಿ ಹೋದರೆ ಮೇಲೆ. ಹೋಗದಿದ್ದರೆ ಕೆಳಗೆ. ರಾತ್ರಿ ಹೆಚ್ಚಾದರೆ ನನ್ನನ್ನು ಎಬ್ಬಿಸಿ, ಎಷ್ಟು ಹೊತ್ತಾದರೂ ಜೀಪು ಕರೆಸುತ್ತೇನೆ.

ಇದು ಅವರು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಆದರೆ ಪರ್ವತ ವೈದ್ಯರ ಸೂತ್ರವೂ ಅದೇ. ತಲೆನೋವಿನ ಜೊತೆ ವಾಕರಿಕೆ, ಸುಸ್ತು, ನಿದ್ದೆಗೇಡು ಇದ್ದರೆ ಮೇಲೆ ಹೋಗಬಾರದು. ನಡೆಯುವಾಗ ತೂರಾಡಿದರೆ, ಮಾತು ತಪ್ಪಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಬೆಳಗಾಗಲು ಕಾಯದೆ ಇಳಿಯಬೇಕು. ಔಷಧಿ, ಆಮ್ಲಜನಕದ ಸಿಲಿಂಡರು ಇಳಿಯುವವರೆಗಿನ ಆಸರೆ ಮಾತ್ರ, ಇಳಿಯುವುದೇ ಔಷಧಿ.

ಆ ರಾತ್ರಿ ನಾನು ಸರಿಯಾಗಿ ಮಲಗಲಿಲ್ಲ. ಎರಡು ಗಂಟೆಗೊಮ್ಮೆ ವೈನಿಯನ್ನು ಮುಟ್ಟಿ ಮಾತಾಡಿಸಿದೆ. ಹೊರಗೆ ಗಾಳಿ ತಗಡು ಬಡಿಯುತ್ತಿತ್ತು. ಅಣ್ಣ ಮಂಚದ ಮೇಲೆ ಕೂತೇ ಇದ್ದರು. "ನಮ್ಮ ಹುಡುಗ ಹೇಳಿದ್ದು ಖರೆ ಆತೇನೋ" ಅಂತ ಒಮ್ಮೆ ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಒಂದು ಮಾತ್ರ ಗೊತ್ತಿತ್ತು. ಇದೇ ತಲೆನೋವು ಇನ್ನೂ ನಾನೂರೈವತ್ತು ಮೀಟರ್ ಮೇಲೆ, ಅದೂ ಮನೆ ಬಿಟ್ಟ ಮಾರನೇ ದಿನವೇ ಬಂದಿದ್ದರೆ ಅದರ ಹೆಸರು ಬೇರೆಯಾಗಿರುತ್ತಿತ್ತು.

ಬೆಳಗಿನ ಹೊತ್ತಿಗೆ ನೋವು ಅರ್ಧಕ್ಕೆ ಇಳಿದಿತ್ತು. ಇಡೀ ದಿನ ಅಲ್ಲೇ ಇದ್ದೆವು. ವೈನಿ ಮಧ್ಯಾಹ್ನ ಅನ್ನ ಉಂಡರು. ಸಂಜೆ ಅಡುಗೆಮನೆಯಲ್ಲಿ ಕೂತು ದೀದಿಯ ಮಗಳಿಗೆ ನಾವು ತಂದಿದ್ದ ಶೇಂಗಾ ಚಟ್ನಿಪುಡಿಯ ರುಚಿ ತೋರಿಸುತ್ತಿದ್ದರು. ಆ ಒಂದು ದಿನದ ಬೆಲೆ ಫಾಲುಟ್. ರಜೆ ಲೆಕ್ಕದಲ್ಲಿ ಇನ್ನು ಅಲ್ಲಿಗೆ ಹೋಗಲು ಆಗುತ್ತಿರಲಿಲ್ಲ. ಇಬ್ಬರು ಹುಡುಗರಿಗೆ ಬೇಜಾರಾಯಿತು, ಆದರೆ ಯಾರೂ ಬಾಯಿಬಿಡಲಿಲ್ಲ. ಮಾರನೇ ಬೆಳಿಗ್ಗೆ ವೈನಿ ಎಲ್ಲರಿಗಿಂತ ಮೊದಲು ಬೂಟು ಕಟ್ಟಿ ಅಂಗಳದಲ್ಲಿ ನಿಂತಿದ್ದರು.

ಕೊನೆಯ ಏರಿಗೆ ಬಿಖೇಭಂಜ್ಯಾಂಗ್ ದಾಟಬೇಕು. ಬಿಖ್ ಎಂದರೆ ವಿಷ. ನಮ್ಮ ಆಯುರ್ವೇದದ ವತ್ಸನಾಭಿ ಇಲ್ಲಿ ಬೆಳೆಯುತ್ತದೆ. ಆರು ಕಿಲೋಮೀಟರಿಗೆ ನಾವು ಐದು ಗಂಟೆ ತೆಗೆದುಕೊಂಡೆವು. ಪಕ್ಕದಲ್ಲಿ ಜೀಪುಗಳು ಹೊಗೆ ಬಿಟ್ಟು ಹೋಗುತ್ತಿದ್ದವು, ಕಿಟಕಿಯಿಂದ ಕೈ ಬೀಸುತ್ತಿದ್ದರು. ಸಂದಕ್‌ಫು ತಲುಪಿದಾಗ ಮೋಡ. ಮರುದಿನ ನಸುಕಿನಲ್ಲಿ ಮೋಡ ಸರಿದು 8,586 ಮೀಟರಿನ ಕಾಂಚನಜುಂಗಾ ಎದುರಿಗೇ ನಿಂತಿತ್ತು. ಅದರ ಅಕ್ಕಪಕ್ಕದ ಶಿಖರಗಳು ಸೇರಿ ಬುದ್ಧ ಮಲಗಿದ ಹಾಗೆ ಕಾಣುತ್ತದೆ ಎನ್ನುತ್ತಾರೆ. ಎಡಕ್ಕೆ ದೂರದಲ್ಲಿ ಮಕಾಲು, ಲೋತ್ಸೆ, ನಡುವೆ ಸಣ್ಣದಾಗಿ ಎವರೆಸ್ಟ್. ವೈನಿ ಕೈಮುಗಿದರು, ಮಾತಾಡಲಿಲ್ಲ.

ಆದರೆ ಅದರ ಹಿಂದಿನ ರಾತ್ರಿ ನಮ್ಮ ಪಕ್ಕದ ಕೋಣೆಯಲ್ಲಿ ಬೇರೆ ಕಥೆ. ಅದೇ ಮಧ್ಯಾಹ್ನ ಜೀಪಿನಲ್ಲಿ ಬಂದ ಹುಡುಗರ ಗುಂಪು. ಅವರಲ್ಲಿ ಒಬ್ಬನಿಗೆ ಇಪ್ಪತ್ತೈದು ಇರಬಹುದು, ಜಿಮ್ ಮೈಕಟ್ಟು. ಎಂಟು ಗಂಟೆಗೆ ವಾಂತಿ ಶುರುವಾಯಿತು, ಹತ್ತಕ್ಕೆ ಗೋಡೆ ಹಿಡಿಯದೆ ನಿಲ್ಲಲು ಆಗುತ್ತಿರಲಿಲ್ಲ. ಲಾಡ್ಜಿನವರು ಡ್ರೈವರನ್ನು ಎಬ್ಬಿಸಿ, ಆ ಕತ್ತಲಲ್ಲೇ ಅವನನ್ನು ಕೆಳಗೆ ಕಳಿಸಿದರು. ಮಧ್ಯಾಹ್ನ ಕೆಳಗಿನಿಂದ ಸುದ್ದಿ ಬಂತು: ಗೈರಿಬಾಸ್ ತಲುಪುವ ಹೊತ್ತಿಗೇ ಸುಧಾರಿಸಿದ್ದ. ರಸ್ತೆ ಇದ್ದದ್ದರಿಂದ ಅವನಿಗೆ ಕಾಯಿಲೆ ಬಂತು, ರಸ್ತೆ ಇದ್ದದ್ದರಿಂದಲೇ ಬದುಕಿದ. ಹಾಗಾಗಿ ರಸ್ತೆಯನ್ನು ಬೈಯುವವಳು ನಾನಲ್ಲ. ಲಾಡ್ಜಿಗೆ ಅಕ್ಕಿ, ಗ್ಯಾಸ್ ಸಿಲಿಂಡರು ಬರುವುದೂ ಅದೇ ಲ್ಯಾಂಡ್ ರೋವರಿನಲ್ಲಿ. ಬಸುರಿಯೊಬ್ಬಳು ಆಸ್ಪತ್ರೆಗೆ ಇಳಿಯುವುದೂ ಅದರಲ್ಲೇ. ಬೆಟ್ಟದವರಿಗೆ ರಸ್ತೆ ಬೇಡ ಎನ್ನಲು ಚಪ್ಪಟೆ ಊರಿನ ನಮಗೆ ಅಧಿಕಾರವಿಲ್ಲ.

ನನ್ನ ಚಿಂತೆ ಬೇರೆ. ಕಾಲಿಪೋಖ್ರಿಯಲ್ಲಿ ಇದ್ದ ಆ ಹೆಚ್ಚಿನ ದಿನ ದೀದಿಯ ಜೊತೆ ತರಕಾರಿ ಹೆಚ್ಚುತ್ತಾ ಕೂತಿದ್ದೆ. ಬೆಳಗಿನಿಂದ ಸಂಜೆವರೆಗೆ ನಾನು ಎಣಿಸಿದ ಜೀಪು ಮೂವತ್ತಕ್ಕೂ ಮೇಲೆ. ನಿಂತದ್ದು ನಾಲ್ಕು, ಅದೂ ಟೀಗೆ, ಶೌಚಾಲಯಕ್ಕೆ. "ಮೊದಲು ಎಲ್ಲರೂ ಇಲ್ಲಿ ಮಲಗುತ್ತಿದ್ದರು," ಅಂದರು ದೀದಿ, ದೂರಿನ ದನಿಯಲ್ಲಲ್ಲ, ಲೆಕ್ಕ ಹೇಳುವ ಹಾಗೆ. "ಈಗ ಮೇಲೆ ಕೋಣೆ ಸಾಲೋದಿಲ್ಲ, ಇಲ್ಲಿ ಖಾಲಿ." ಮಗಳು ಸಿಲಿಗುರಿಯಲ್ಲಿ ಕೆಲಸ ಹುಡುಕುತ್ತಿದ್ದಾಳೆ.

ಯೋಚನೆ ಮಾಡಿ. ನಾಳೆ ಅವರು ಬಾಗಿಲು ಹಾಕಿದರೆ, ತುಮ್ಲಿಂಗ್‌ಗೂ ಸಂದಕ್‌ಫುಗೂ ನಡುವಿನ ಸರಪಣಿಯಲ್ಲಿ ಒಂದು ಕೊಂಡಿ ಕಳಚುತ್ತದೆ. ಆಗ ನಡೆಯುವವರಿಗೆ ಒಂದು ದಿನದಲ್ಲಿ ಹತ್ತೊಂಬತ್ತು ಕಿಲೋಮೀಟರ್ ಏರು. 57 ವರ್ಷದ ವೈನಿಗೆ ಅದು ಆಗದು. ಆಮೇಲೆ ಬೆಟ್ಟ ಉಳಿಯುವುದು ಇಬ್ಬರಿಗೆ: ಟೆಂಟು ಹೊರುವಷ್ಟು ಗಟ್ಟಿಗರಿಗೆ, ಜೀಪಿಗೆ ದುಡ್ಡು ಕೊಡುವವರಿಗೆ. ನಡುವಿನ ನಾವು ಹೊರಗೆ. ಗೋಡೆಯವರೆಗೆ ನಡೆಸಿ ನೋಡಿ "ನಾಳೆ ಇಲ್ಲೇ" ಅನ್ನುವ ಕಣ್ಣೂ ಆ ದಾರಿಯಿಂದ ಹೋಗುತ್ತದೆ.

ಒಲೆಯ ಹಿಂದಿನ ಕೆಲಸವನ್ನೂ ಹೇಳಬೇಕು. ಸಂದಕ್‌ಫುವಿನಲ್ಲಿ ನೀರು ಕುದಿಯುವುದು 88 ಡಿಗ್ರಿ ಹತ್ತಿರದಲ್ಲೇ. ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ, ಗ್ಯಾಸ್ ಎರಡು ಪಟ್ಟು ಖರ್ಚು. ಚಳಿಗಾಲದಲ್ಲಿ ಪೈಪಿನ ನೀರು ಹೆಪ್ಪುಗಟ್ಟುತ್ತದೆ. ಒಂದು ಬಕೆಟ್ ಬಿಸಿನೀರಿಗೆ ದುಡ್ಡು ಕೇಳಿದರೆ ನಮ್ಮವರು ಹುಬ್ಬೇರಿಸುತ್ತಾರೆ. ನಾವು ಹೋದಾಗ ಹಾಸಿಗೆ, ಮೂರು ಹೊತ್ತಿನ ಊಟ ಸೇರಿ ತಲೆಗೆ ದಿನಕ್ಕೆ ಎರಡು ಸಾವಿರ ರೂಪಾಯಿ ದಾಟಲಿಲ್ಲ. ಸಾಲ್ಟ್ ಲೇಕಿನ ಮಾಲ್‌ನಲ್ಲಿ ಇಬ್ಬರು ಉಂಡು ಎದ್ದರೆ ಅಷ್ಟಾಗುತ್ತದೆ.

ಹೋಗುವವರಿಗೆ ನಾಲ್ಕು ಮಾತು. ನಡೆದೇ ಹೋಗಿ, ಮಧ್ಯದ ಮನೆಗಳಲ್ಲಿ ಮಲಗಿ. ಮಂಡಿ ಕೇಳದಿದ್ದರೆ ಜೀಪಿನಲ್ಲಾದರೂ ಹೋಗಿ, ಆದರೆ ತುಮ್ಲಿಂಗ್‌ನಲ್ಲಿ ಒಂದು ರಾತ್ರಿ, ಕಾಲಿಪೋಖ್ರಿಯಲ್ಲಿ ಒಂದು ರಾತ್ರಿ ನಿಲ್ಲಿ. ನಿಮ್ಮ ರಕ್ತಕ್ಕೂ ಒಳ್ಳೆಯದು, ಅವರ ಒಲೆಗೂ. ರಜೆಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಅದು ಬೇಕಾಗದಿದ್ದರೆ ಹಬ್ಬ. ಬಿಪಿ, ಹೃದಯ, ಆಸ್ತಮಾ ಇರುವವರು ಹೊರಡುವ ಮುಂಚೆ ವೈದ್ಯರನ್ನು ಕಾಣಿ. ಎತ್ತರದ ಮಾತ್ರೆಯನ್ನು ಅವರನ್ನು ಕೇಳದೆ ನುಂಗಬೇಡಿ, ಸಲ್ಫಾ ಔಷಧಿ ಒಗ್ಗದವರಿಗೆ ಅದು ಅಪಾಯ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಉದ್ಯಾನ ಮುಚ್ಚಿರುತ್ತದೆ. ಹೂವು ಬೇಕಿದ್ದರೆ ಏಪ್ರಿಲ್, ಆಗ ಬೆಟ್ಟವೆಲ್ಲ ರೋಡೋಡೆಂಡ್ರನ್. ಶಿಖರ ಬೇಕಿದ್ದರೆ ನವೆಂಬರ್.

ದಿಲ್ಲಿ, ಮುಂಬೈ, ಪುಣೆಯಲ್ಲಿರುವವರು ನಿಮ್ಮ ಹತ್ತಿರದ ಬೆಟ್ಟಕ್ಕೂ ಇದೇ ಲೆಕ್ಕ ಹಾಕಿ. ಎಲ್ಲಿಗೆ ಹೋಗುತ್ತೀರಿ ಎನ್ನುವುದಕ್ಕಿಂತ ಮೊದಲು ಎಲ್ಲೆಲ್ಲಿ ಮಲಗುತ್ತೀರಿ ಎಂದು ಬರೆದುಕೊಳ್ಳಿ. ತುದಿಯ ಫೋಟೋ ಎಲ್ಲರಿಗೂ ಸಿಗುತ್ತದೆ. ನಡುವಿನ ಮನೆಯಲ್ಲಿ ಯಾರೋ ನಿಮ್ಮ ಮುಖ ನೋಡಿ, ತಟ್ಟೆ ಖಾಲಿಯಾಗದ್ದು ಗಮನಿಸಿ, ಏನಾಯಿತು ಎಂದು ಕೇಳುವುದು ಅಲ್ಲಿ ನಿಂತವರಿಗೆ ಮಾತ್ರ.

ವೈನಿ ಈಗ ದಿನಾ ಸಂಜೆ ಬೆಹಾಲಾದಲ್ಲಿ ಐದು ಕಿಲೋಮೀಟರ್ ನಡೆಯುತ್ತಾರೆ. ಬರುವ ಯುಗಾದಿಗೆ ಶ್ರೀಶೈಲ ಅಂತೆ. ಅಣ್ಣ ಹೂಂ ಅಂದಿಲ್ಲ, ಊಹೂಂ ಅನ್ನುವ ಧೈರ್ಯವೂ ಅವರಿಗಿಲ್ಲ.